ಹದಿಹರೆಯದವರ ನಿದ್ರೆಯನ್ನು ಕಸಿಯುವವರಾರು?

ಬೆಳಿಗ್ಗೆ ಏಳೂವರೆಯಾದರೂ ಹಾಸಿಗೆ ಬಿಟ್ಟೇಳದ ಮಗನನ್ನು ‘ಸೋಮಾರಿ’ ಎಂದು ಗದರದ ಮನೆ ನಮ್ಮಲ್ಲಿ ಅಪರೂಪ. ಭಾನುವಾರದ ಮೊದಲ ಪೂಜೆಗೆ ಹೊರಟ ತಾಯಿ ನಾಲ್ಕು ಬಾರಿ ಕೂಗಿ, ಐದನೆಯ ಬಾರಿ ಹೊದಿಕೆಯನ್ನೇ ಎಳೆಯುತ್ತಾಳೆ. ತಪ್ಪೆಲ್ಲವೂ ಮಗನದು, ಅವನ ಕೈಯಲ್ಲಿರುವ ಮೊಬೈಲಿನದು ಎಂದು ತೀರ್ಮಾನಿಸುವ ಮೊದಲು, ಆ ವಯಸ್ಸಿನ ಶರೀರದಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಹೆತ್ತವರು ಅರಿತಿರುವುದು ಒಳಿತೆಂದು ನಾವು ಭಾವಿಸುತ್ತೇವೆ.

ಕತ್ತಲು ಕವಿಯುತ್ತಿದ್ದಂತೆ ನಮ್ಮ ಮೆದುಳು ಮೆಲಟೋನಿನ್ ಎಂಬ ಹಾರ್ಮೋನನ್ನು ಸ್ರವಿಸತೊಡಗುತ್ತದೆ. ರಾತ್ರಿಯಾಯಿತೆಂದು ದೇಹಕ್ಕೆ ದೊರೆಯುವ ಸೂಚನೆ ಅದು. ಹರೆಯಕ್ಕೆ ಕಾಲಿಡುವ ಮಕ್ಕಳಲ್ಲಿ ಈ ಸೂಚನೆಯೇ ಒಂದೆರಡು ಗಂಟೆ ತಡವಾಗಿ ಬರುತ್ತದೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾನಿಲಯದ ಮೇರಿ ಕಾರ್ಸ್ಕಡನ್ ಅವರು ದಶಕಗಳ ಕಾಲ ನಡೆಸಿದ ಅಧ್ಯಯನಗಳು ಇದನ್ನು ತೋರಿಸಿಕೊಟ್ಟಿವೆ. ಒಂಬತ್ತು ಗಂಟೆಗೆ ದೀಪವಾರಿಸಿದರೆ 9 ವರ್ಷದ ತಂಗಿ ನಿದ್ರಿಸಿಯಾಳು; 14ರ ಅಣ್ಣನಿಗೆ ಕಣ್ಣು ಮುಚ್ಚದು. ಅದು ಹಟವಲ್ಲ.

ಹಾಗೆಂದು ಅವನಿಗೆ ಬೇಕಾದ ನಿದ್ರೆಯ ಪ್ರಮಾಣವೇನೂ ತಗ್ಗಿಲ್ಲ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಅಗತ್ಯವೆಂದು ಅಮೆರಿಕದ ನಿದ್ರಾ ತಜ್ಞರ ಅಕಾಡೆಮಿ 2016ರಲ್ಲಿ ಹೇಳಿತು. ಕ್ಯಾಲಿಫೋರ್ನಿಯಾ ರಾಜ್ಯವಂತೂ ಪ್ರೌಢಶಾಲೆಗಳು 8.30ಕ್ಕಿಂತ ಮೊದಲು ಆರಂಭವಾಗಬಾರದೆಂದು ಶಾಸನವನ್ನೇ ಮಾಡಿ 2022ರಿಂದ ಜಾರಿಗೆ ತಂದಿದೆ. ನಮ್ಮಲ್ಲಿಯೋ, ಆರು ಗಂಟೆಯ ಟ್ಯೂಷನ್ನಿಗೆ ಕಳುಹಿಸುವುದೇ ಜಾಣತನವೆಂಬ ನಂಬಿಕೆ ಇನ್ನೂ ಅಳಿದಿಲ್ಲ!

ಹೀಗೆ ಮೊದಲೇ ತಡವಾಗಿ ಬರುವ ನಿದ್ರೆಯನ್ನು ಮೊಬೈಲು ಮತ್ತಷ್ಟು ಮುಂದೂಡುತ್ತದೆ. ಬೋಸ್ಟನ್ನಿನ ಸಂಶೋಧಕರು 12 ಮಂದಿ ವಯಸ್ಕರಿಗೆ ಕೆಲವು ದಿನ ಬೆಳಗುವ ಪರದೆಯಲ್ಲಿಯೂ ಕೆಲವು ದಿನ ಮುದ್ರಿತ ಪುಸ್ತಕದಲ್ಲಿಯೂ ಓದಲು ಹೇಳಿ, ಫಲಿತಾಂಶವನ್ನು 2014ರ ಕೊನೆಗೆ ಪ್ರಕಟಿಸಿದರು. ಪರದೆಯಲ್ಲಿ ಓದಿದಾಗ ಮೆಲಟೋನಿನ್ ಅರ್ಧಕ್ಕೂ ಹೆಚ್ಚು ಕುಗ್ಗಿತ್ತು. ಆದರೆ ನಿದ್ರೆ ತಡವಾದುದು ಸುಮಾರು ಹತ್ತು ನಿಮಿಷ ಮಾತ್ರ. ಆದುದರಿಂದ ಬೆಳಕೊಂದನ್ನೇ ದೂಷಿಸಿ, ನೀಲಿ ಬೆಳಕನ್ನು ತಡೆಯುವ ಕನ್ನಡಕ ಕೊಂಡು ಸಮಾಧಾನ ಪಡುವುದು ಸಲ್ಲದು. ಪುಸ್ತಕದ ಅಧ್ಯಾಯ ಮುಗಿಯುತ್ತದೆ, ಚಲನಚಿತ್ರವೂ ಮುಗಿಯುತ್ತದೆ. ರೀಲ್ಸ್‌ಗೆ ಮುಕ್ತಾಯವಿಲ್ಲ, ಮುಗಿಯದಂತೆಯೇ ಅದನ್ನು ರೂಪಿಸಲಾಗಿದೆ. ಅದಕ್ಕೆ ಗೆಳೆಯರ ಗುಂಪಿನ ಸಂದೇಶಗಳು ಸೇರಿದರೆ, ಮಧ್ಯರಾತ್ರಿಯಲ್ಲಿ ತಾನಾಗಿ ನಿಲ್ಲಿಸುವ ಬಲವನ್ನು ಮಗುವಿನಿಂದ ನಿರೀಕ್ಷಿಸುವುದು ಹೇಗೆ? ಅದು ನಮಗೇ ಇಲ್ಲವಲ್ಲ.

ಮೊಬೈಲು ಮಲಗುವ ಕೋಣೆಯೊಳಗೆ ಹೋಗದಿರುವುದೇ ನಮಗೆ ತೋರುವ ಮುಖ್ಯ ಉಪಾಯ. ಸಂಜೆಯ ಜಪಸರ ಪ್ರಾರ್ಥನೆಗೆ ಕುಳಿತಾಗ ಹೇಗೂ ಎಲ್ಲರ ಮೊಬೈಲುಗಳೂ ಬದಿಗಿರುತ್ತವೆ. ಊಟ, ಪಾಠ ಮುಗಿದ ಮೇಲೆ ಅವು ಮತ್ತೆ ಅಲ್ಲಿಗೇ, ಚಾವಡಿಯ ಚಾರ್ಜರಿಗೆ ಸೇರಲಿ. ತಂದೆಯದೂ ಸೇರಲಿ; ಇಲ್ಲವಾದರೆ ನಿಯಮ ವಾರ ಬಾಳದು. ಏಳುವುದಕ್ಕೆ ಅಲಾರಂ ಬೇಕೆಂಬ ನೆಪಕ್ಕೆ ಹಳೆಯ ಟೈಂಪೀಸು ಸಾಕು. ಮನೆಪಾಠ ವಾಟ್ಸಾಪಿನಲ್ಲಿ ರಾತ್ರಿ ಬರುತ್ತದೆ ಎಂಬುದು ಮಾತ್ರ ನೆಪವಲ್ಲ. ಅದನ್ನು ಸಂಜೆಯೊಳಗೆ ಕಳುಹಿಸುವಂತೆ ಹೆತ್ತವರ ಸಭೆಯಲ್ಲಿ ಕೇಳಬೇಕು. ಕೈಯಿಂದ ಕಿತ್ತುಕೊಳ್ಳುವ ಬದಲು, ಎಷ್ಟು ಗಂಟೆಗೆ ಇಡಬೇಕೆಂಬುದನ್ನು ಮಗುವಿನೊಡನೆ ಕುಳಿತು ನಿರ್ಧರಿಸಿದರೆ ಕದ್ದು ನೋಡುವ ಚಾಳಿ ಬೆಳೆಯಲು ಎಡೆ ಕಡಿಮೆ.

ಸಂಜೆಯ ಬಳಿಕ ಕಾಫಿ ಬೇಡ. ಅದರ ಕೆಫೀನಿನ ಅರ್ಧಾಂಶ ಇಳಿಯಲು ಸುಮಾರು ಐದು ಗಂಟೆ ಬೇಕು. ರಜಾದಿನವೂ ಏಳುವ ಹೊತ್ತು ಒಂದು ಗಂಟೆಗಿಂತ ಹೆಚ್ಚು ಜಾರದಿರಲಿ. ಎದ್ದೊಡನೆ ಅಂಗಳದ ಬಿಸಿಲು ಮುಖಕ್ಕೆ ಬೀಳಲಿ. ದೇಹದ ಗಡಿಯಾರವನ್ನು ಹಿಂದಕ್ಕೆ ತರುವುದು ಬೆಳಗಿನ ಬೆಳಕೇ.

ಇಷ್ಟಾದರೂ ವಾರಗಟ್ಟಲೆ ನಿದ್ರೆ ಬಾರದಿದ್ದರೆ, ಮಗು ಮಂಕಾಗಿ ಗೆಳೆಯರನ್ನೂ ಊಟವನ್ನೂ ದೂರ ಮಾಡತೊಡಗಿದರೆ, ಗದರಿಕೆಗೆ ಅಲ್ಲಿ ಕೆಲಸವಿಲ್ಲ, ವೈದ್ಯರನ್ನು ಕಾಣಬೇಕು. ಮೊಬೈಲಿನ ಗೀಳಿಗೆಂದೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ‘ಶಟ್’ ಎಂಬ ಪ್ರತ್ಯೇಕ ಚಿಕಿತ್ಸಾಲಯವು 2014ರಲ್ಲಿಯೇ ಆರಂಭವಾಗಿದೆ.