ಅಂಗಿಯ ನಮೂನೆಯೂ ಅಳತೆಯ ಮಾನವೂ

ದರ್ಜಿಯ ಅಂಗಡಿಯ ಗೋಡೆಯಲ್ಲಿ ಮೊಳೆಗೆ ತೂಗುಹಾಕಿದ ದಪ್ಪ ಕಾಗದದ ತುಂಡುಗಳನ್ನು ನಮ್ಮಲ್ಲಿ ಅನೇಕರು ಕಂಡಿರಬಹುದು. ಒಂದು ಅಂಗಿಯ ಬೆನ್ನಿನ ಆಕಾರದ್ದು, ಇನ್ನೊಂದು ತೋಳಿನದು, ಮತ್ತೊಂದು ಕಾಲರಿನದು. ಇವನ್ನು ಬಟ್ಟೆಯ ಮೇಲಿಟ್ಟು, ಸೀಮೆಸುಣ್ಣದಿಂದ ಸುತ್ತಲೂ ಗೆರೆಯೆಳೆದು ಕತ್ತರಿಸಿದರೆ ಅಂಗಿಯ ಭಾಗಗಳು ದೊರೆಯುತ್ತವೆ. ಇವಕ್ಕೆ ನಮೂನೆಗಳೆಂದು ಹೆಸರು. ದರ್ಜಿಗಳ ಮಾತಿನಲ್ಲಿ ಪ್ಯಾಟರ್ನು. ೧೮೬೩ರಲ್ಲಿ ಅಮೆರಿಕದ ಎಬೆನೀಜರ್ ಬಟರಿಕ್ ಎಂಬ ದರ್ಜಿಯು ಬೇರೆಬೇರೆ ಅಳತೆಗಳಿಗೆ ಸಿದ್ಧಪಡಿಸಿದ ಕಾಗದದ ನಮೂನೆಗಳನ್ನು ಮಾರತೊಡಗಿದ ಮೇಲೆ, ಮನೆಯಲ್ಲಿ ಹೊಲಿಯುವವರ ಕೈಗೂ ಇವು ಬಂದುವು.

ಈಗ ಇಂಥ ನಮೂನೆಗಳನ್ನು ಗಣಕಯಂತ್ರದಲ್ಲಿಯೂ ಬರೆದಿಡುವುದುಂಟು. ಕಾಗದ ಹರಿಯುತ್ತದೆ, ಅದರ ಅಂಚು ಸವೆಯುತ್ತದೆ. ಗಣಕದ ಕಡತಕ್ಕೆ ಆ ಭಯವಿಲ್ಲ. ಆದರೆ ಅದಕ್ಕೆ ಬೇರೊಂದು ಭಯವುಂಟು. ಒಂದು ತಂತ್ರಾಂಶದಲ್ಲಿ ಬರೆದ ನಮೂನೆಯನ್ನು ಇನ್ನೊಂದು ತಂತ್ರಾಂಶಕ್ಕೆ, ಇಲ್ಲವೆ ಅದೇ ತಂತ್ರಾಂಶದ ಹೊಸ ಆವೃತ್ತಿಗೆ ಸಾಗಿಸಿದಾಗ, ಅದು ಸದ್ದಿಲ್ಲದೆ ಕುಗ್ಗಿಬಿಡಬಹುದು. ತೆರೆಯ ಮೇಲೆ ಏನೂ ಕೆಟ್ಟಂತೆ ತೋರುವುದಿಲ್ಲ. ಬಟ್ಟೆಯನ್ನು ಕತ್ತರಿಸಿ, ಹೊಲಿದು, ತೊಟ್ಟು ನೋಡಿದಾಗಲೇ ಅದು ತಿಳಿಯುವುದು. ಕತ್ತರಿಸಿದ ಬಟ್ಟೆಯಾದರೋ ಮತ್ತೆ ಕೂಡುವುದಿಲ್ಲ. ಹೀಗೇಕಾಗುತ್ತದೆ, ಇದನ್ನು ತಡೆಯುವ ಬಗೆ ಯಾವುದು ಎಂಬುದನ್ನು ಈಗ ವಿಚಾರಮಾಡೋಣ.

ಗೆರೆಯ ಹಿಂದಿನ ಸಂಖ್ಯೆಗಳು

ಗಣಕಯಂತ್ರವು ಚಿತ್ರವನ್ನು ಎರಡು ರೀತಿಗಳಲ್ಲಿ ಕಾಪಾಡಬಲ್ಲುದು. ಛಾಯಾಚಿತ್ರವನ್ನು ಅದು ಲಕ್ಷಾಂತರ ಬಣ್ಣದ ಚುಕ್ಕೆಗಳಾಗಿ ಇಟ್ಟುಕೊಳ್ಳುತ್ತದೆ. ನಮೂನೆಯಂಥ ರೇಖಾಚಿತ್ರಕ್ಕೆ ಈ ಕ್ರಮ ಒಗ್ಗದು; ಹಿಗ್ಗಿಸಿದರೆ ಗೆರೆ ಮೆಟ್ಟಲುಮೆಟ್ಟಲಾಗಿ ಒಡೆಯುತ್ತದೆ. ಆದುದರಿಂದ ಅಲ್ಲಿ ವೆಕ್ಟರ್ ಎಂಬ ಎರಡನೆಯ ಕ್ರಮವನ್ನು ಅನುಸರಿಸುತ್ತಾರೆ. ಇದರಲ್ಲಿ ಗೆರೆಯನ್ನಲ್ಲ, ಗೆರೆಯನ್ನು ಎಳೆಯುವ ವಿಧಾನವನ್ನು ಬರೆದಿಡಲಾಗುತ್ತದೆ. ಸರಳರೇಖೆಗೆ ಎರಡು ತುದಿಗಳ ಸ್ಥಾನಗಳು ಸಾಕು. ತೋಳು ಕೂಡುವ ಕಂಕುಳಿನ ಬಾಗಿನಂಥ ವಕ್ರರೇಖೆಗೆ ಎರಡು ತುದಿಗಳಲ್ಲದೆ, ಬಾಗಿನ ದಿಕ್ಕನ್ನೂ ಸೆಳೆತವನ್ನೂ ತಿಳಿಸುವ ಇನ್ನೆರಡು ಬಿಂದುಗಳು ಬೇಕು. ಇಂಥ ವಕ್ರರೇಖೆಗಳ ಗಣಿತವನ್ನು ಫ್ರಾನ್ಸಿನ ಕಾರು ತಯಾರಕ ಸಂಸ್ಥೆಗಳಾದ ಸಿಟ್ರೊಯೆನ್‌ನಲ್ಲಿ ಪಾಲ್ ದ ಕ್ಯಾಸ್ಟೆಲ್ಯೋ ಅವರೂ, ರೆನೋದಲ್ಲಿ ಪಿಯರ್ ಬೆಝಿಯೆ ಅವರೂ ಬೇರೆಬೇರೆಯಾಗಿ ಬೆಳೆಸಿದರು. ಕಾರಿನ ಮೈಯನ್ನು ರೂಪಿಸಲು ಹುಟ್ಟಿದ ಆ ಗಣಿತವೇ ಇಂದು ಅಂಗಿಯ ಕೊರಳನ್ನೂ ರೂಪಿಸುತ್ತಿದೆ.

ಹೀಗೆ ನಮೂನೆಯ ಕಡತವೆಂದರೆ ಸಂಖ್ಯೆಗಳ ಒಂದು ಪಟ್ಟಿ. ಆ ಪಟ್ಟಿಯಲ್ಲಿ "ಇಲ್ಲಿಂದ ಬಲಕ್ಕೆ ೯೦" ಎಂದಿದೆಯೆನ್ನೋಣ. ತೊಂಬತ್ತು ಏನು? ಅಂಗುಲವೇ, ಮಿಲಿಮೀಟರೇ? ಸಂಖ್ಯೆಯೊಂದೇ ಇದ್ದರೆ ಅದು ಅಳತೆಯಾಗುವುದಿಲ್ಲ. ಅದರೊಡನೆ ಮಾನವೂ ಇರಬೇಕು. ನಮ್ಮ ದೇಶದಲ್ಲಿ ೧೯೫೬ರ ಶಾಸನದ ಮೇರೆಗೆ ೧೯೫೮ರಿಂದ ಮೆಟ್ರಿಕ್ ಪದ್ಧತಿ ಜಾರಿಗೆ ಬಂದು, ಬಟ್ಟೆಯನ್ನು ಗಜದ ಬದಲು ಮೀಟರಿನಲ್ಲಿ ಮಾರುವುದು ರೂಢಿಯಾಯಿತು. ಆದರೂ ಎದೆಯ ಸುತ್ತಳತೆಯನ್ನು ದರ್ಜಿಗಳು ಇಂದಿಗೂ ಸಾಮಾನ್ಯವಾಗಿ ಅಂಗುಲದಲ್ಲೇ ಬರೆದುಕೊಳ್ಳುತ್ತಾರೆ. ಪುಸ್ತಕದಲ್ಲಿ ಬರಿಯ "೩೮" ಎಂದಿದ್ದರೂ ಕೆಲಸ ಕೆಡದಿರುವುದು, ಬರೆದವನಿಗೂ ಓದುವವನಿಗೂ ಮಾನವು ಒಂದೇ ಎಂಬ ಒಪ್ಪಂದವಿರುವುದರಿಂದ. ಪುಸ್ತಕವು ಬೇರೆಯವರ ಕೈಗೆ ಹೋದಾಗ ಆ ಒಪ್ಪಂದವೂ ಜೊತೆಗೆ ಹೋಗುತ್ತದೆಂಬ ಭರವಸೆಯಿಲ್ಲ.

ಮೂರು ಒಪ್ಪಂದಗಳು

ಚಿತ್ರಣ ತಂತ್ರಾಂಶಗಳ ಲೋಕದಲ್ಲಿ ಇಂಥ ಒಪ್ಪಂದಗಳು ಹಲವು. ಮುದ್ರಣದ ಪರಂಪರೆಯಿಂದ ಬಂದ ಅಡೋಬಿ ಇಲ್ಲಸ್ಟ್ರೇಟರ್ ಒಂದು ಅಂಗುಲವನ್ನು ೭೨ ಭಾಗಗಳಾಗಿ ಎಣಿಸುತ್ತದೆ. ಯಾರು ಬೇಕಾದರೂ ಹಣ ತೆರದೆ ಬಳಸಬಹುದಾದ ಇಂಕ್‌ಸ್ಕೇಪ್ ಎಂಬ ತಂತ್ರಾಂಶವು ತನ್ನ ೦.೯೧ನೆಯ ಆವೃತ್ತಿಯವರೆಗೆ ಅಂಗುಲಕ್ಕೆ ೯೦ ಭಾಗಗಳೆಂದು ಎಣಿಸುತ್ತಿತ್ತು. ಜಾಲಪುಟಗಳ ಅಂದಚಂದವನ್ನು ನಿಯಮಿಸುವ ಸಿಎಸ್‌ಎಸ್ ಎಂಬ ವಿಧಿಯಾದರೋ ಅಂಗುಲಕ್ಕೆ ೯೬ ಭಾಗಗಳೆಂದು ಗೊತ್ತುಪಡಿಸಿದೆ. ಇಂಕ್‌ಸ್ಕೇಪಿನ ಕಡತಗಳು ಎಸ್‌ವಿಜಿ ಎಂಬ ರೂಪದಲ್ಲಿರುತ್ತವೆ. ಇದು ಜಾಲಪುಟಗಳಿಗಾಗಿಯೇ ೨೦೦೧ರಲ್ಲಿ ಅಂಗೀಕೃತವಾದುದು. ಹೀಗಿರಲಾಗಿ, ೨೦೧೭ರ ಜನವರಿಯಲ್ಲಿ ಬಂದ ೦.೯೨ನೆಯ ಆವೃತ್ತಿಯಲ್ಲಿ ಇಂಕ್‌ಸ್ಕೇಪ್ ಕೂಡ ೯೬ನ್ನೇ ಒಪ್ಪಿಕೊಂಡಿತು. ಬದಲಾವಣೆ ನ್ಯಾಯವಾದುದೇ. ಆದರೆ ಹಳೆಯ ಕಡತಗಳಲ್ಲಿದ್ದ ಸಂಖ್ಯೆಗಳು ಮೊದಲಿದ್ದಂತೆಯೇ ಉಳಿದುವು.

ಈಗ ಲೆಕ್ಕ ಮಾಡಿ ನೋಡೋಣ. ಹಳೆಯ ಕಡತದ ೯೦ ಎಂಬುದು ಆಗ ಪೂರ್ತಿ ಒಂದು ಅಂಗುಲ. ಹೊಸ ಒಪ್ಪಂದದಲ್ಲಿ ಅದು ೯೦ರ ಕೆಳಗೆ ೯೬, ಅಂದರೆ ಅಂಗುಲದ ೦.೯೩೭೫ ಭಾಗ ಮಾತ್ರ. ಪ್ರತಿಯೊಂದು ಉದ್ದವೂ ಶೇಕಡ ೬.೨೫ರಷ್ಟು ಕಡಮೆಯಾಯಿತು. ಇಲ್ಲಸ್ಟ್ರೇಟರಿನ ೭೨ರ ಲೆಕ್ಕದ ಕಡತವನ್ನು ೯೬ರ ಲೆಕ್ಕದಲ್ಲಿ ತೆರೆದರೆ ಉಳಿಯುವುದು ಶೇಕಡ ೭೫.

ಅಂಗಿಗಾಗುವ ಪಾಡು

ಎದೆಯ ಸುತ್ತಳತೆ ೯೬ ಸೆಂಟಿಮೀಟರಿರುವವನಿಗೆ ಅಂಗಿಯ ಸುತ್ತಳತೆಯನ್ನು ೧೦೮ ಸೆಂಟಿಮೀಟರ್ ಇಟ್ಟಿರುವರೆಂದು ಭಾವಿಸೋಣ. ಉಸಿರಾಡಲು, ಕೈಯೆತ್ತಲು ಬೇಕಾದ ಸಡಿಲ ೧೨ ಸೆಂಟಿಮೀಟರ್. ನಮೂನೆ ಮೇಲೆ ಹೇಳಿದಂತೆ ಶೇಕಡ ೬.೨೫ರಷ್ಟು ಕುಗ್ಗಿದರೆ ಅಂಗಿ ೧೦೧.೨೫ ಸೆಂಟಿಮೀಟರ್ ಆಗುತ್ತದೆ. ಸಡಿಲವು ಅರ್ಧಕ್ಕಿಂತಲೂ ಕಡಮೆಯಾಗಿ ೫.೨೫ಕ್ಕೆ ಇಳಿಯುತ್ತದೆ. ೭೨ ಸೆಂಟಿಮೀಟರ್ ಉದ್ದದ ಅಂಗಿ ೬೭.೫ ಆಗುತ್ತದೆ. ೩೮ ಸೆಂಟಿಮೀಟರ್ ಕೊರಳಿಗೆಂದು ೪೦ ಇಟ್ಟ ಕಾಲರು ೩೭.೫ ಆಗಿ, ಗುಂಡಿ ಹಾಕಲು ಬರುವುದಿಲ್ಲ. ಹೊಲಿಗೆಗೆಂದು ಬಿಟ್ಟ ೧೫ ಮಿಲಿಮೀಟರಿನ ಅಂಚು ಸುಮಾರು ೧೪ ಆಗಿರುತ್ತದೆ. ಹೊಲಿಯುವವನು ವಾಡಿಕೆಯಂತೆ ೧೫ ಮಿಲಿಮೀಟರ್ ಒಳಕ್ಕೆ ಹೊಲಿದರೆ, ಎರಡು ಪಕ್ಕೆಗಳ ನಾಲ್ಕು ಅಂಚುಗಳಿಂದ ಇನ್ನೂ ಸುಮಾರು ೪ ಮಿಲಿಮೀಟರ್ ನಷ್ಟ.

ಅದು ಚಿಕ್ಕವನೊಬ್ಬನಿಗೆ ಸರಿಹೊಂದೀತೆಂದು ಸಮಾಧಾನಪಡುವಂತೆಯೂ ಇಲ್ಲ. ಮನುಷ್ಯರ ದೇಹಗಳು ಎಲ್ಲ ದಿಕ್ಕಿಗೂ ಒಂದೇ ಪ್ರಮಾಣದಲ್ಲಿ ಹಿಗ್ಗುಕುಗ್ಗುವುದಿಲ್ಲ. ಎದೆ ಸಣ್ಣದಾದವನ ತೋಳು ಅದೇ ಲೆಕ್ಕದಲ್ಲಿ ಗಿಡ್ಡವಾಗಿರುವುದಿಲ್ಲ. ಇನ್ನೊಂದು ಮಾತನ್ನೂ ಗಮನಿಸಬೇಕು. ಶೇಕಡ ೭೫ಕ್ಕೆ ಇಳಿದ ನಮೂನೆಯನ್ನು ಬಟ್ಟೆಯ ಮೇಲಿಟ್ಟೊಡನೆಯೇ ತಪ್ಪು ಕಣ್ಣಿಗೆ ಬೀಳುತ್ತದೆ. ಶೇಕಡ ೬ರ ತಪ್ಪು ಕಣ್ಣಿಗೆ ಬೀಳುವುದಿಲ್ಲ. ದೊಡ್ಡ ತಪ್ಪಿಗಿಂತ ಸಣ್ಣ ತಪ್ಪೇ ಇಲ್ಲಿ ಹೆಚ್ಚು ಕೇಡುಮಾಡುವುದು.

ಪುಟ ಸರಿ, ನಮೂನೆ ತಪ್ಪು

ಪುಟದ ಅಳತೆಯನ್ನು ನೋಡಿದರೆ ಸಾಲದೆ ಎಂದು ಓದುಗರು ಕೇಳಬಹುದು. ಸಾಲದು. ಎಸ್‌ವಿಜಿ ಕಡತದ ಮೊದಲಲ್ಲಿ ಪುಟದ ಅಗಲವನ್ನು ಬರೆದಿರುತ್ತದೆ. ೨೧೦ ಮಿಲಿಮೀಟರ್ ಅಗಲದ ಎ೪ ಹಾಳೆಯನ್ನು ಹಳೆಯ ಇಂಕ್‌ಸ್ಕೇಪ್ ೭೪೪.೦೯ ಎಂದು ಮಾನವಿಲ್ಲದ ಸಂಖ್ಯೆಯಾಗಿ ಬರೆದಿದ್ದರೆ, ಹೊಸ ಲೆಕ್ಕದಲ್ಲಿ ಪುಟವೂ ಚಿತ್ರವೂ ಒಟ್ಟಿಗೆ ಕುಗ್ಗಿ, ಹಾಳೆಯ ಅಗಲ ೧೯೭ ಮಿಲಿಮೀಟರಿಗೆ ಇಳಿಯುತ್ತದೆ. ಅಗಲವನ್ನು "೨೧೦ ಮಿಲಿಮೀಟರ್" ಎಂದೇ ಬರೆದು ಬೇರೇನನ್ನೂ ಹೇಳದಿದ್ದರೆ, ಪುಟ ಸರಿಯಾಗಿದ್ದು ಒಳಗಿನ ನಮೂನೆ ಮಾತ್ರ ಕುಗ್ಗುತ್ತದೆ. ಅಗಲದೊಡನೆ ವ್ಯೂಬಾಕ್ಸ್ ಎಂಬ ಸಾಲೂ ಇದ್ದು, "ಈ ೨೧೦ ಮಿಲಿಮೀಟರಿನಲ್ಲಿ ೭೪೪.೦೯ ಭಾಗಗಳಿವೆ" ಎಂದು ಅದು ಸಾರಿದರೆ, ಯಾವ ಲೆಕ್ಕದ ತಂತ್ರಾಂಶವೂ ಅದನ್ನು ತಪ್ಪಾಗಿ ಓದಲಾರದು. ಒಪ್ಪಂದವು ಕಡತದ ಒಳಗೇ ಬಂದು ಸೇರಿರುವುದೇ ಇದಕ್ಕೆ ಕಾರಣ. ಈ ಒಂದು ಸಾಲೇ ನಮ್ಮ ಸಮಸ್ಯೆಯ ಪರಿಹಾರವೆಂದರೂ ಸಲ್ಲುತ್ತದೆ.

ಸಾಗಿಸುವ ಕ್ರಮ

ಹಳೆಯ ನಮೂನೆಗಳನ್ನು ಸಾಗಿಸುವವರು ಮೊದಲು ಮೂಲ ಕಡತದ ಪ್ರತಿಯೊಂದನ್ನು ತೆಗೆದಿಡಬೇಕು. ಸಾಧ್ಯವಿದ್ದರೆ ಹಳೆಯ ತಂತ್ರಾಂಶದಲ್ಲೇ ೧೦ ಸೆಂಟಿಮೀಟರಿನ ಚೌಕವೊಂದನ್ನು ನಮೂನೆಯ ಪಕ್ಕದಲ್ಲಿ ಬರೆದು, ಹೊಸದರಲ್ಲಿ ತೆರೆದ ಮೇಲೆ ಅದನ್ನು ಅಳೆಯಬೇಕು. ಅದು ೯.೩೭೫ ಬಂದರೆ ೯೦ರ ಲೆಕ್ಕ, ೭.೫ ಬಂದರೆ ೭೨ರ ಲೆಕ್ಕ ಎಂದು ರೋಗ ನಿದಾನವಾಗುತ್ತದೆ.

ಚಿಕಿತ್ಸೆಯಲ್ಲಿ ಎಡವುವುದೂ ಸುಲಭ. ಶೇಕಡ ೬.೨೫ ಕುಗ್ಗಿದೆಯೆಂದು ಶೇಕಡ ೬.೨೫ ಹಿಗ್ಗಿಸಿದರೆ ಮೊದಲಿನ ಅಳತೆ ಬರುವುದಿಲ್ಲ; ಮೇಲಿನ ಅಂಗಿ ೧೦೭.೫೮ ಸೆಂಟಿಮೀಟರಿಗೆ ನಿಲ್ಲುತ್ತದೆ. ಕುಗ್ಗಿದ ಅಳತೆಯನ್ನು ೯೬ರಿಂದ ಗುಣಿಸಿ ೯೦ರಿಂದ ಭಾಗಿಸಬೇಕು, ಅಂದರೆ ಶೇಕಡ ೧೦೬.೬೭ಕ್ಕೆ ಏರಿಸಬೇಕು. ೭೨ರ ಕಡತಕ್ಕೆ ಇದು ಶೇಕಡ ೧೩೩.೩೩. ಬೇರೆಬೇರೆ ಅಳತೆಗಳ ನಮೂನೆಗಳನ್ನು ಒಂದರ ಮೇಲೊಂದು ಪದರಗಳಾಗಿ ಬರೆದಿದ್ದರೆ, ಮರೆಮಾಡಿದ ಮತ್ತು ಬೀಗಹಾಕಿದ ಪದರಗಳು ಹಿಗ್ಗಿಸುವಾಗ ಹಿಂದುಳಿದುಬಿಡುತ್ತವೆ. ಎಲ್ಲವನ್ನೂ ತೆರೆದಿಟ್ಟು ಒಟ್ಟಿಗೆ ಹಿಗ್ಗಿಸುವುದು ಕ್ಷೇಮ.

ಕಡತದ ರೂಪವನ್ನೇ ಬದಲಿಸುವಾಗ ವಕ್ರರೇಖೆಗಳ ಮೇಲೆಯೂ ಕಣ್ಣಿರಬೇಕು. ಕೆಲವು ಪರಿವರ್ತನೆಗಳಲ್ಲಿ ಬಾಗು ಗೆರೆಯು ಸಣ್ಣ ಸಣ್ಣ ಸರಳರೇಖೆಗಳಾಗಿ ಒಡೆಯುತ್ತದೆ. ಕಂಸಕ್ಕಿಂತ ಜ್ಯಾ ಚಿಕ್ಕದೆಂಬುದು ರೇಖಾಗಣಿತ ಓದಿದವರಿಗೆ ಗೊತ್ತಿದ್ದುದೇ. ಆದಕಾರಣ ಕಂಕುಳಿನ ಬಾಗಿನ ಉದ್ದವನ್ನೂ, ಅದಕ್ಕೆ ಕೂಡಬೇಕಾದ ತೋಳಿನ ಬಾಗಿನ ಉದ್ದವನ್ನೂ ಸಾಗಿಸುವ ಮೊದಲು ಮತ್ತು ಆಮೇಲೆ ಅಳೆದು, ಅವುಗಳ ವ್ಯತ್ಯಾಸ ಬದಲಾಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಹಾಗೆಯೇ ಹಾಸಿನ ನೂಲಿನ ದಿಕ್ಕನ್ನು ತೋರುವ ಬಾಣವೂ, ಕೂಡುವ ಜಾಗದ ಕಚ್ಚುಗಳೂ ಉಳಿದಿವೆಯೆ ಎಂದು ನೋಡಬೇಕು. ಕಡೆಯದಾಗಿ, ಪುಟಕ್ಕೆ ಹೊಂದಿಸು ಎಂಬ ಸೂಚನೆಯನ್ನು ಬಿಟ್ಟು, ಶೇಕಡ ನೂರರ ಅಳತೆಯಲ್ಲಿ ಮುದ್ರಿಸಿ, ಕಾಗದದ ಮೇಲಿನ ಚೌಕವನ್ನು ಅಳತೆಪಟ್ಟಿಯಿಂದಲೇ ಅಳೆಯಬೇಕು. ತೆರೆಯ ಮೇಲಿನ ಅಳತೆಗೆ ಇದು ಅಂತಿಮ ಪರೀಕ್ಷೆ.

ಗಣಕಯಂತ್ರವು ಇಲ್ಲಿ ಎಲ್ಲಿಯೂ ತಪ್ಪು ಲೆಕ್ಕ ಮಾಡಲಿಲ್ಲವೆಂಬುದನ್ನು ನಾವು ನೆನಪಿಡಬೇಕು. ತನಗೆ ಕೊಟ್ಟ ಸಂಖ್ಯೆಗಳನ್ನು ಅದು ಚಾಚೂ ತಪ್ಪದೆ ಕಾಪಾಡಿತು. ಕೈಬಿಟ್ಟುಹೋದುದು ಆ ಸಂಖ್ಯೆಗಳ ಅರ್ಥ. ಪ್ರಯೋಗಶಾಲೆಯಲ್ಲಿ ಉತ್ತರದ ಮುಂದೆ ಮಾನವನ್ನು ಬರೆಯಲು ಮರೆತ ವಿದ್ಯಾರ್ಥಿಗೆ ಉಪಾಧ್ಯಾಯರು ಅಂಕ ಕಳೆಯುವುದುಂಟು. ಅದು ಬರಿಯ ಶಿಸ್ತಿನ ಮಾತಲ್ಲ. ಇಂದು ನಾವು ಬರೆದಿಡುವ ಸಂಖ್ಯೆಯನ್ನು ನಾಳೆ ಓದುವವರು ಬೇರೆಯವರು. ಅವರ ಬಳಿ ಇರುವ ಅಳತೆಕೋಲೂ ಬೇರೆ ಇದ್ದೀತು. ಅವರಿಗೆ ಬೇಕಾದ ಒಂದು ಪದವನ್ನು ಇಂದೇ ಬರೆದಿಡುವುದಕ್ಕೆ ಎಷ್ಟು ಮಾತ್ರದ ಶ್ರಮ!