ಎಂಜಿನ್ ಬಿಸಿಯಾಗುವಷ್ಟರಲ್ಲಿ ಪೇಟೆ ಬಂತು

ಕರಾವಳಿಯಲ್ಲಿ ಸ್ಕೂಟರಿನ ಸೈಲೆನ್ಸರ್ ಬೇಗ ತೂತಾಗುತ್ತದೆ. ಭಟ್ಕಳ, ಹೊನ್ನಾವರ, ಕುಮಟಾದ ಯಾವ ಗ್ಯಾರೇಜಿನಲ್ಲಿ ಕೇಳಿದರೂ ಬರುವ ಉತ್ತರ ಒಂದೇ: ಉಪ್ಪುಗಾಳಿ. ಮಾತು ಸುಳ್ಳಲ್ಲ, ಆದರೆ ಅರ್ಧ. ಉಪ್ಪುಗಾಳಿ ಹೊರಗಿನಿಂದ ತಿನ್ನುತ್ತದೆ. ಒಳಗಿನಿಂದ ತಿನ್ನುವುದು ನೀರು. ಅದು ಮಳೆಯ ನೀರಲ್ಲ, ಪೆಟ್ರೋಲಿನಿಂದ ಹುಟ್ಟಿದ್ದು.

ಪೆಟ್ರೋಲಿನಲ್ಲಿರುವುದು ಮುಖ್ಯವಾಗಿ ಇಂಗಾಲ ಮತ್ತು ಜಲಜನಕ. ಉರಿದಾಗ ಇಂಗಾಲವು ಇಂಗಾಲದ ಡೈಆಕ್ಸೈಡ್ ಆಗುತ್ತದೆ, ಜಲಜನಕ ನೀರಾವಿಯಾಗುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ ಎಂದರೆ ಹಲವರು ನಂಬುವುದಿಲ್ಲ. ದೂರದ ಓಟದಲ್ಲಿ ಸೈಲೆನ್ಸರ್ ಕಾದಿರುತ್ತದೆ, ನೀರು ಆವಿಯಾಗಿಯೇ ಹೊರಗೆ ಹೋಗುತ್ತದೆ. ಎರಡು ಕಿಲೋಮೀಟರಿನ ಓಟದಲ್ಲಿ ಅದು ಸರಿಯಾಗಿ ಕಾಯುವುದೇ ಇಲ್ಲ. ಹಬೆ ಒಳಗೋಡೆಗೆ ತಾಗಿ ನೀರಾಗಿ, ಹೊಗೆಯೊಳಗಿನ ಆಮ್ಲಗಳನ್ನೂ ಕರಗಿಸಿಕೊಂಡು ತಳದಲ್ಲಿ ನಿಲ್ಲುತ್ತದೆ. ಬೆಳಿಗ್ಗೆ ಹಾಲಿಗೆ, ಹತ್ತು ಗಂಟೆಗೆ ಬ್ಯಾಂಕಿಗೆ, ಸಂಜೆ ಮೀನುಪೇಟೆಗೆ ಎಂದು ದಿನವಿಡೀ ತುಂಡುತುಂಡಾಗಿ ಓಡುವ ಗಾಡಿಗೆ ಒಣಗಲು ಪುರುಸೊತ್ತೆಲ್ಲಿ?

ಎಂಜಿನ್ನಿಗೆ ಅತಿ ಕಷ್ಟದ ಹೊತ್ತೆಂದರೆ ಶುರುವಿನ ಕೆಲವು ನಿಮಿಷ. ತಣ್ಣಗಿನ ಆಯಿಲ್ ಮಂದವಾಗಿರುತ್ತದೆ, ಘರ್ಷಣೆ ಹೆಚ್ಚು. ತಣ್ಣಗಿನ ಲೋಹಕ್ಕೆ ತಾಗಿದ ಪೆಟ್ರೋಲ್ ಪೂರ್ತಿ ಆವಿಯಾಗದ ಕಾರಣ ಎಂಜಿನ್ ಬೇಕಾದ್ದಕ್ಕಿಂತ ಹೆಚ್ಚು ಇಂಧನ ಎಳೆದುಕೊಳ್ಳುತ್ತದೆ. ವಿಷಾನಿಲಗಳನ್ನು ಸಪ್ಪೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸಕ್ಕಿಳಿಯಲು ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಬೇಕು. ಅಷ್ಟು ಕಾಯುವವರೆಗೆ 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್-6 ಹೊಗೆ ನಿಯಮದ ಗಾಡಿಯೂ ಹೆಚ್ಚುಕಡಿಮೆ ಹಳೆಯ ಗಾಡಿಯ ಹಾಗೆಯೇ ಉಗುಳುತ್ತದೆ. ಯುರೋಪಿನ ಚಳಿಗೆ ಹೋಲಿಸಿದರೆ ನಮ್ಮಲ್ಲಿ ಈ ತೊಂದರೆ ಕಡಿಮೆ ನಿಜ. ಇಲ್ಲಿ ಮುಂಜಾವಿನ ಎಂಜಿನ್ನೂ ಒಂದಿಷ್ಟು ಬೆಚ್ಚಗೇ ಇರುತ್ತದೆ. ಆದರೂ ಆಯಿಲ್ ಪೂರ್ತಿ ಬಿಸಿಯಾಗಲು ಹತ್ತು ನಿಮಿಷವಾದರೂ ಬೇಕು. ಅಷ್ಟರಲ್ಲಿ ನೀವು ಪೇಟೆಯಲ್ಲಿ ಸ್ಟ್ಯಾಂಡ್ ಹಾಕಿ ಇಳಿದಾಗಿರುತ್ತದೆ.

ಮನುಷ್ಯನ ಕಾಲಿನ ಲೆಕ್ಕ ಬೇರೆ. ಆಕ್ಸ್‌ಫರ್ಡಿನ ಎಸ್. ಎಸ್. ವಿಲ್ಸನ್ 1973ರಲ್ಲಿ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಪ್ರಾಣಿ, ಪಕ್ಷಿ, ಯಂತ್ರಗಳನ್ನೆಲ್ಲ ಒಂದೇ ಅಳತೆಗೋಲಿಗೆ ತಂದರು: ಒಂದು ಗ್ರಾಂ ತೂಕವನ್ನು ಒಂದು ಕಿಲೋಮೀಟರ್ ಸಾಗಿಸಲು ಯಾರಿಗೆ ಎಷ್ಟು ಶಕ್ತಿ ಬೇಕು? ನಡೆಯುವ ಮನುಷ್ಯನಿಗೆ ಸುಮಾರು 0.75 ಕ್ಯಾಲರಿ. ಅದೇ ಮನುಷ್ಯ ಸೈಕಲ್ ಹತ್ತಿದರೆ 0.15. ಪಟ್ಟಿಯಲ್ಲಿ ಅವನಿಗಿಂತ ಮೇಲೆ ಯಾರೂ ಇರಲಿಲ್ಲ. ಕಾರಣ ಸರಳ. ನಡೆಯುವಾಗ ಪ್ರತಿ ಹೆಜ್ಜೆಗೂ ನಮ್ಮ ಮೈಯನ್ನು ಸ್ವಲ್ಪ ಎತ್ತಿ ಇಳಿಸುತ್ತೇವೆ, ಇಳಿಸುವಾಗ ಬೀಳದಂತೆ ತಡೆಯಲಿಕ್ಕೂ ಸ್ನಾಯು ದುಡಿಯಬೇಕು. ಸೈಕಲ್ಲಿನಲ್ಲಿ ಮೈಭಾರ ಸೀಟಿನ ಮೇಲೆ; ಕಾಲಿಗೆ ತಳ್ಳುವುದೊಂದೇ ಕೆಲಸ.

ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಸಪಾಟು ರಸ್ತೆಯಲ್ಲಿ ಹೋಗಲು ಪೆಡಲಿಗೆ ಬೇಕಾದದ್ದು ಸುಮಾರು 50 ವಾಟ್. ಒಂದು ಬಾಳೆಹಣ್ಣಿನ ಶಕ್ತಿಯಲ್ಲಿ ಹೊನ್ನಾವರದಿಂದ ಹಳದೀಪುರವನ್ನು ಹೆಚ್ಚುಕಡಿಮೆ ಮುಟ್ಟಬಹುದು. ಸ್ಕೂಟರು ಅದೇ ಒಂದೊಂದು ಕಿಲೋಮೀಟರಿಗೆ ಸುಡುವ ಶಕ್ತಿ ಇದರ ಹತ್ತು ಪಟ್ಟಿಗೂ ಮಿಕ್ಕಿದ್ದು, ಕಾರಿನದ್ದು ಇನ್ನೂ ಮೂರು ಪಟ್ಟು. ವೇಗದಾಸೆಗೆ ಬಿದ್ದರೆ ಮಾತ್ರ ಈ ಲೆಕ್ಕ ಕೆಡುತ್ತದೆ. ಗಾಳಿಯ ಪ್ರತಿರೋಧ ವೇಗದ ವರ್ಗದಂತೆ ಏರುವುದರಿಂದ 15ರ ಬದಲು 25ರಲ್ಲಿ ಹೋಗಲು ಮೂರು ಪಟ್ಟು ಶ್ರಮ ಬೇಕು. ಮಧ್ಯಾಹ್ನದ ಮೇಲೆ ಕುಮಟಾ ಪೇಟೆಯಿಂದ ವನ್ನಳ್ಳಿ ಕಡಲತೀರದ ಕಡೆ ತುಳಿದವರಿಗೆ ಇದು ಗೊತ್ತು. ಕಾದ ನೆಲದ ಗಾಳಿ ಮೇಲೇರಿ, ಆ ಜಾಗಕ್ಕೆ ಕಡಲಗಾಳಿ ನುಗ್ಗುವ ಹೊತ್ತು ಅದು. ನಿಮ್ಮಷ್ಟೇ ವೇಗದ ಗಾಳಿ ಎದುರಾದರೆ ತಡೆಯುವ ಬಲ ನಾಲ್ಕು ಪಟ್ಟು. ಬರುವಾಗ ಅದೇ ಗಾಳಿ ಬೆನ್ನು ತಳ್ಳುತ್ತದೆನ್ನಿ.

ಸೈಕಲ್ ಬಿಟ್ಟವರು ಹೇಳುವ ಮೊದಲ ಕಾರಣ ಬೆವರು. ಇದನ್ನು ನೆಪವೆಂದು ತಳ್ಳಿಹಾಕಬಾರದು. ನಮ್ಮ ಸ್ನಾಯುಗಳ ದಕ್ಷತೆ ಶೇ. 25ರ ಒಳಗೇ. ಪೆಡಲಿಗೆ 50 ವಾಟ್ ಕೊಟ್ಟರೆ 150 ವಾಟಿಗೂ ಹೆಚ್ಚು ಶಾಖ ಮೈಯಲ್ಲೇ ಉಳಿಯುತ್ತದೆ. ಅದನ್ನು ಕಳೆಯುವ ಮುಖ್ಯ ದಾರಿ ಬೆವರು ಆರುವುದು. ಬರೀ ಸುರಿದರೆ ಪ್ರಯೋಜನವಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಕರಾವಳಿಯ ಗಾಳಿಯೇ ತೇವದಿಂದ ತುಂಬಿರುವಾಗ ಅದು ಆರುವುದು ನಿಧಾನ. ಆದರೂ ತುಳಿಯುತ್ತಿರುವಷ್ಟು ಹೊತ್ತು ಅಷ್ಟೇನೂ ಗೊತ್ತಾಗುವುದಿಲ್ಲ, ಎದುರಿನ ಗಾಳಿ ಒಯ್ಯುತ್ತಿರುತ್ತದೆ. ಆಫೀಸಿನ ಮುಂದೆ ಇಳಿದು ಬೀಗ ಹಾಕಲು ಬಗ್ಗುತ್ತೀರಿ, ಗಾಳಿ ನಿಂತಿದೆ, ಮೈಯೊಳಗಿನ ಶಾಖ ನಿಂತಿಲ್ಲ. ಬೆನ್ನಿಗೆ ಅಂಗಿ ಅಂಟಿಕೊಳ್ಳುವುದು ಆಗ. ಕೊನೆಯ ಅರ್ಧ ಕಿಲೋಮೀಟರನ್ನು ನಿಧಾನವಾಗಿ ತುಳಿದರೆ ಅರ್ಧ ಸಮಸ್ಯೆ ಮುಗಿಯಿತು. ಉಳಿದರ್ಧಕ್ಕೆ ಇನ್ನೊಂದು ಅಂಗಿ ಬೇಕು, ಬೇರೆ ಉಪಾಯವಿಲ್ಲ.

ಮಳೆಯದ್ದು ಇನ್ನೊಂದು ಕತೆ. ಈ ಕರಾವಳಿ ತಾಲೂಕುಗಳಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹಳೆಯ ಇಪ್ಪತ್ತೆರಡು ಇಂಚಿನ ಸೈಕಲ್ಲುಗಳ ರಿಮ್ಮು ಕ್ರೋಮ್ ಲೇಪಿಸಿದ ಉಕ್ಕಿನದು. ಒದ್ದೆಯಾದರೆ ರಬ್ಬರ್ ಬ್ರೇಕು ಅದರ ಮೇಲೆ ಜಾರುತ್ತದೆ, ನಿಲ್ಲಲು ಬೇಕಾದ ದೂರ ಹಲವು ಪಟ್ಟು ಹೆಚ್ಚುತ್ತದೆ. ಅದರ ಮೇಲೆ ಒಂದು ಕೈಯಲ್ಲಿ ಕೊಡೆ ಹಿಡಿದರೆ ಉಳಿಯುವುದು ಒಂದೇ ಬ್ರೇಕು. ಅಲ್ಯೂಮಿನಿಯಂ ರಿಮ್ಮಿಗೆ ಈ ಜಾರುವ ಗುಣ ಕಡಿಮೆ. ಡಿಸ್ಕ್ ಬ್ರೇಕಿದ್ದರೆ ಇನ್ನೂ ವಾಸಿ.

ಆರೋಗ್ಯದ ವಿಚಾರದಲ್ಲಿ ಲಂಡನ್ನಿನ ಬಸ್ಸಿನಿಂದ ಶುರುಮಾಡಬೇಕು. ಜೆರ್ರಿ ಮಾರಿಸ್ ಎಂಬ ವೈದ್ಯರು 1953ರಲ್ಲಿ ಅಲ್ಲಿನ ಡಬಲ್ ಡೆಕ್ಕರ್ ಬಸ್ಸುಗಳ ಸಿಬ್ಬಂದಿಯನ್ನು ಹೋಲಿಸಿದಾಗ, ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗಿಂತ ಕೂತೇ ಇರುವ ಡ್ರೈವರುಗಳಿಗೆ ಹೃದ್ರೋಗ ಹೆಚ್ಚೆಂದು ಕಂಡಿತು. ಮಾರಿಸ್ ಅಷ್ಟಕ್ಕೇ ಬಿಡಲಿಲ್ಲ. ಸಮವಸ್ತ್ರದ ಅಳತೆಗಳನ್ನು ತರಿಸಿ ನೋಡಿದರು. ಡ್ರೈವರುಗಳ ಪ್ಯಾಂಟಿನ ಸೊಂಟ ಕಂಡಕ್ಟರುಗಳದ್ದಕ್ಕಿಂತ ಮೊದಲಿನಿಂದಲೇ ದೊಡ್ಡದು! ಅಂದರೆ ಎಲ್ಲವನ್ನೂ ಮೆಟ್ಟಿಲಿನ ಖಾತೆಗೆ ಬರೆಯುವಂತಿರಲಿಲ್ಲ. ತನ್ನದೇ ಫಲಿತಾಂಶದ ಮೇಲೆ ಹೀಗೆ ಅನುಮಾನಪಟ್ಟು 1956ರಲ್ಲಿ ಅದನ್ನೂ ಪ್ರಕಟಿಸಿದ ವಿಜ್ಞಾನಿ ನನಗೆ ಸೈಕಲ್ಲಿನಷ್ಟೇ ಇಷ್ಟ. ಗ್ಲಾಸ್ಗೋ ವಿಶ್ವವಿದ್ಯಾಲಯದವರು 2017ರಲ್ಲಿ ಬ್ರಿಟನ್ನಿನ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಜಾಲಾಡಿದಾಗ, ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗುವವರಲ್ಲಿ ಅಕಾಲ ಮರಣದ ಅಪಾಯ ಶೇ. 41ರಷ್ಟು ಕಡಿಮೆ ಕಂಡಿತು. ಇಲ್ಲಿಯೂ ಮಾರಿಸ್‌ರ ಪ್ಯಾಂಟು ನೆನಪಿರಲಿ: ಮೊದಲೇ ಗಟ್ಟಿಮುಟ್ಟಾಗಿರುವವರೇ ಸೈಕಲ್ ಆರಿಸಿಕೊಂಡಿರಬಹುದು. ಆ ಅಂಶಗಳನ್ನು ಆದಷ್ಟು ಕಳೆದ ಮೇಲೆಯೂ ಉಳಿದ ಅಂತರ ಇದು.

ಹಾಗೆಂದು ಎಲ್ಲದಕ್ಕೂ ಸೈಕಲ್ ಎನ್ನುವುದು ಹಟವಾದೀತು. ಒಂದು ಕಾಲಕ್ಕೆ ಕ್ಯಾರಿಯರಿಗೆ ಬುಟ್ಟಿ ಕಟ್ಟಿ ಹಾರ್ನ್ ಒತ್ತುತ್ತ ಬರುತ್ತಿದ್ದ ಮೀನು ಮಾರುವವರು ಎಂ-80 ಬೈಕಿಗೆ ಬದಲಾದದ್ದು ಸರಿಯಾದ ಲೆಕ್ಕಾಚಾರ. ಬಂಗಡೆ ಬಿಸಿಲಿಗೆ ತಡೆಯುವುದಿಲ್ಲ. ಚಿರೆಕಲ್ಲಿನ ಗುಡ್ಡದ ಮೇಲೆ ಮನೆಯಿರುವವರದ್ದೂ ನ್ಯಾಯವೇ: ನೂರು ಅಡಿಗೆ ಐದು ಅಡಿ ಏರುವ ರಸ್ತೆಯಲ್ಲಿ ಬೇಕಾಗುವ ಬಲ ಸಪಾಟು ನೆಲದ್ದಕ್ಕಿಂತ ಮೂರು ಪಟ್ಟಿಗೂ ಹೆಚ್ಚು. ಇಳಿದು ತಳ್ಳಿದರೆ ಮಾನವೇನೂ ಹೋಗುವುದಿಲ್ಲ, ಆದರೆ ಎಲ್ಲರೂ ತಳ್ಳಲಾರರು. ಅಂಥವರಿಗೆ 250 ವಾಟಿನೊಳಗಿನ, ಗಂಟೆಗೆ 25 ಕಿಲೋಮೀಟರ್ ಮೀರದ ಬ್ಯಾಟರಿ ಸೈಕಲ್ಲಿದೆ. ಅದಕ್ಕೆ ನೋಂದಣಿ ಬೇಕಿಲ್ಲ.

ನನ್ನ ಮಟ್ಟಿಗೆ ಬೆವರು, ಮಳೆ, ಏರು ಯಾವುದೂ ಇಲ್ಲಿ ಸೈಕಲ್ಲಿನ ದೊಡ್ಡ ವೈರಿಯಲ್ಲ. ಆ ಸ್ಥಾನ ಹೆದ್ದಾರಿಯದು. ಮೊದಲು 17 ಎನಿಸಿಕೊಂಡಿದ್ದ ರಾಷ್ಟ್ರೀಯ ಹೆದ್ದಾರಿ 66 ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಊರುಗಳ ಮೂಲಕವೇ ಸಾಗುತ್ತದೆ. ಗಂಟೆಗೆ 60 ಕಿಲೋಮೀಟರಿನಲ್ಲಿ ಬರುವ ಹನ್ನೆರಡು ಟನ್ನಿನ ಲಾರಿಯ ಚಲನಶಕ್ತಿ 15ರಲ್ಲಿ ಹೋಗುವ ಸೈಕಲ್ ಸವಾರನದ್ದರ ಎರಡು ಸಾವಿರ ಪಟ್ಟು. ಒಂದೇ ಟಾರಿನ ಮೇಲೆ ಇಬ್ಬರನ್ನೂ ಬಿಟ್ಟು ಎಚ್ಚರಿಕೆಯಿಂದ ಹೋಗಿ ಎಂದರೆ ಏನರ್ಥ?

ಕಣ್ಣಿಗೆ ಅಷ್ಟಾಗಿ ಬೀಳದ ಇನ್ನೊಂದು ತೊಂದರೆ ಡಿವೈಡರಿನದು. ರಸ್ತೆ ನಾಲ್ಕು ಪಥವಾದ ಕಡೆ ಎದುರಿನ ಅಂಗಡಿಗೆ ಹೋಗಲು ಅರ್ಧ ಕಿಲೋಮೀಟರ್ ಮುಂದೆ ಹೋಗಿ ತಿರುಗಿ ಅಷ್ಟೇ ಹಿಂದೆ ಬರಬೇಕೆಂದುಕೊಳ್ಳಿ. ಸ್ಕೂಟರಿಗೆ ಅದು ಒಂದೂವರೆ ನಿಮಿಷ, ಸೈಕಲ್ಲಿಗೆ ನಾಲ್ಕು. ಎಂಜಿನ್ನಿನವನ ಪಾಲಿಗೆ ರಸ್ತೆ ಹತ್ತಿರವಾಯಿತು, ಕಾಲಿನವನಿಗೆ ದೂರವಾಯಿತು. ಆದ್ದರಿಂದಲೇ ಒಬ್ಬ ರಾಂಗ್ ಸೈಡಿನಲ್ಲಿ ಬರುತ್ತಾನೆ, ಇನ್ನೊಬ್ಬ ಡಿವೈಡರಿನ ಸಂದಿಯಲ್ಲಿ ಮುಂದಿನ ಚಕ್ರ ಎತ್ತಿಟ್ಟು, ಎಡಕ್ಕೂ ಬಲಕ್ಕೂ ನೋಡುತ್ತ, ಹಿಂದಿನದನ್ನು ಎಳೆದುಕೊಳ್ಳುತ್ತಾನೆ.

ದೂರವನ್ನು ಕುಗ್ಗಿಸಿದರೆ ಏನಾಗುತ್ತದೆ ಎಂಬುದಕ್ಕೆ ಬಿಹಾರದ ಪುರಾವೆಯಿದೆ. ಅಲ್ಲಿ 2006ರಲ್ಲಿ ಹೈಸ್ಕೂಲಿನ ಹುಡುಗಿಯರಿಗೆ ಸೈಕಲ್ ಕೊಡುವ ಯೋಜನೆ ಶುರುವಾಯಿತು. ನಮ್ಮ ರಾಜ್ಯದಲ್ಲೂ ಎಂಟನೇ ತರಗತಿಯವರಿಗೆ ಸೈಕಲ್ ಬಂದದ್ದು 2006-07ರಲ್ಲಿ. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರ ಅಧ್ಯಯನದ ಪ್ರಕಾರ ಬಿಹಾರದಲ್ಲಿ ಹುಡುಗಿಯರ ದಾಖಲಾತಿ ಶೇ. 32ರಷ್ಟು ಏರಿತು, ಅದೂ ಹೈಸ್ಕೂಲು ದೂರವಿದ್ದ ಹಳ್ಳಿಗಳಲ್ಲಿ ಹೆಚ್ಚು. ನಮ್ಮ ಹೆದ್ದಾರಿ ಬದಿಯ ಊರುಗಳಲ್ಲಿ ಸೈಕಲ್ ಮನೆಯಲ್ಲಿದೆ, ದಾಟುವ ದಾರಿಯಿಲ್ಲ. ಸೈಕಲ್ಲಿಗೂ ನಡೆಯುವವರಿಗೂ ಕೆಳಸೇತುವೆ ಮಾಡಲು ಲಾರಿ ನುಸುಳುವಷ್ಟು ಎತ್ತರ ಬೇಕಿಲ್ಲ; ಆಳು ನಿಂತಾಗ ತಲೆ ತಾಗದಷ್ಟಿದ್ದರೆ ಸಾಕು. ನಮ್ಮ ಮಳೆಗೆ ಮಾತ್ರ ಅದರ ತಳದಿಂದ ನೀರು ಹರಿದುಹೋಗುವಂತೆ ಇಳುಕಲು ಕೊಟ್ಟು ಕಟ್ಟಬೇಕು. ಇಲ್ಲದಿದ್ದರೆ ಜೂನ್ ಮೊದಲ ವಾರಕ್ಕೇ ಅದು ಕೆರೆಯಾಗುತ್ತದೆ, ಜನ ಮತ್ತೆ ಡಿವೈಡರಿನ ಸಂದಿಗೇ ಬರುತ್ತಾರೆ.