ಮೊದಲ ವಿಮಾನ ತಾನೇ ಹಾರಬೇಕು

ಪುಣೆಯ ಅಪ್ಪಾ ಬಳವಂತ ಚೌಕಕ್ಕೆ ಜನ ಸಾಮಾನ್ಯವಾಗಿ ಹೋಗುವುದು ಪುಸ್ತಕ, ನೋಟುಬುಕ್ಕು, ಡ್ರಾಯಿಂಗ್ ಹಾಳೆ ಕೊಳ್ಳಲು. ಅಲ್ಲಿಂದ ಬುಧವಾರ ಪೇಟೆಯ ತಪಕೀರ ಗಲ್ಲಿಗೆ ಹೊರಳಿದರೆ ವೈರು, ಸೋಲ್ಡರ್, ಕನೆಕ್ಟರ್, ಸ್ವಿಚ್ಚುಗಳ ಅಂಗಡಿಗಳು ಸಾಲಾಗಿ ಕಾಣುತ್ತವೆ. ರೇಡಿಯೊ ನಿಯಂತ್ರಿತ ಮಾದರಿ ವಿಮಾನ ಕಟ್ಟಲು ಹೊರಟವರಿಗೆ ಮೋಟರ್, ಬ್ಯಾಟರಿ, ರಿಮೋಟ್ ಬಿಟ್ಟರೆ ಮಿಕ್ಕಿದ್ದೆಲ್ಲ ಬಹುಮಟ್ಟಿಗೆ ಈ ಎರಡು ಕಡೆಯೇ ಸಿಗುತ್ತದೆ. ಸಾಮಾನಿನದು ಚಿಂತೆಯಲ್ಲ. ಚಿಂತೆ ಇರುವುದು ಯಾವ ವಿಮಾನ ಕಟ್ಟಬೇಕು ಎಂಬುದರಲ್ಲಿ.

ಪುಣೆಯ ಮಕ್ಕಳು ತಲೆಯೆತ್ತಿದರೆ ಕಾಣುವುದು ಲೋಹಗಾಂವ್ ವಾಯುನೆಲೆಯ ಸುಖೋಯ್-30. ಸಹಜವಾಗಿಯೇ ಮೊದಲ ಮಾದರಿಯೂ ಸುಖೋಯ್ ಆಗಿರಬೇಕು ಎಂಬ ಆಸೆ. ಅದರ ಚಿತ್ರವನ್ನು ಹಾಳೆಯ ಮೇಲೆ ಇಳಿಸಿ, ಕತ್ತರಿಸಿ, ಮೋಟರ್ ಕಟ್ಟಿ ಎಸೆದರೆ ಅದು ಕೆಲವು ಸೆಕೆಂಡು ಗಾಳಿಯಲ್ಲಿ ಒದ್ದಾಡಿ ನೆಲಕ್ಕೆ ಮೂಗು ಚುಚ್ಚುತ್ತದೆ. ಕಟ್ಟಿದವರ ಕೈಯಲ್ಲಿ ದೋಷವೇನೂ ಇಲ್ಲ. ಸುಖೋಯ್ ವಂಶದ ವಿಮಾನಗಳನ್ನು ಮಾಡಿರುವುದೇ ಹಾಗೆ: ಮೂಗು ಏಳುವ, ಇಳಿಯುವ ವಿಷಯದಲ್ಲಿ ಅವುಗಳಿಗೆ ತಾವಾಗಿ ನೆಟ್ಟಗಾಗುವ ಗುಣವನ್ನು ಬೇಕೆಂದೇ ಕಡಿಮೆ ಮಾಡಿದ್ದಾರೆ. ಥಟ್ಟನೆ ತಿರುಗಬೇಕಾದ ಯುದ್ಧವಿಮಾನಕ್ಕೆ ಅದು ಲಾಭ. ಅಂಗೈ ಮೇಲೆ ಕೋಲು ನಿಲ್ಲಿಸಿದವರ ಕೈಯಂತೆ ಒಳಗಿನ ಕಂಪ್ಯೂಟರ್ ಪ್ರತಿ ಕ್ಷಣವೂ ಬಾಲವನ್ನು ಅಲುಗಿಸುತ್ತಾ ಅದನ್ನು ಹಾರಿಸುತ್ತದೆ. ಹೊಸಬರ ಹೆಬ್ಬೆರಳುಗಳಿಗೆ ಆ ವೇಗ ಎಲ್ಲಿಂದ ಬರಬೇಕು?

ಹೊಸಬರಿಗೆ ಬೇಕಾದ್ದು ಇದಕ್ಕೆ ತದ್ವಿರುದ್ಧವಾದ ವಿಮಾನ. ರಿಮೋಟಿನಿಂದ ಕೈ ತೆಗೆದರೂ ತನ್ನ ಆಕಾರದಿಂದಲೇ ನೆಟ್ಟಗಾಗುವಂಥದ್ದು. ಅಂಥ ವಿಮಾನದ ಗುಟ್ಟನ್ನು ಮೊದಲು ಹಾರಿಸಿ ತೋರಿಸಿದವನು ಫ್ರಾನ್ಸಿನ ಆಲ್ಫೋನ್ಸ್ ಪೆನೋ. 1871ರ ಆಗಸ್ಟಿನಲ್ಲಿ, ಪ್ಯಾರಿಸ್ಸಿನ ತ್ವೀಲರಿ ಉದ್ಯಾನದಲ್ಲಿ, ತಿರುಚಿದ ರಬ್ಬರಿನ ಬಲದಿಂದ ಓಡುವ ಒಂದು ಪುಟ್ಟ ಮಾದರಿಯನ್ನು ಅವನು ಬಿಟ್ಟ. ಅದು 11 ಸೆಕೆಂಡುಗಳಲ್ಲಿ ಸುಮಾರು 40 ಮೀಟರ್ ಹಾರಿತು. ರಿಮೋಟ್ ಇರಲಿಲ್ಲ, ಒಳಗೆ ಮನುಷ್ಯನಿರಲಿಲ್ಲ. ರೈಟ್ ಸಹೋದರರ ವಿಮಾನ ಏಳಲು ಇನ್ನೂ 32 ವರ್ಷ ಬಾಕಿಯಿತ್ತು. ಪೆನೋ ಮಾಡಿದ್ದು ಎರಡೇ ಕೆಲಸ. ರೆಕ್ಕೆಯ ತುದಿಗಳನ್ನು ಮೇಲಕ್ಕೆ ಬಾಗಿಸಿದ, ಹಿಂದೆ ಒಂದು ಚಿಕ್ಕ ಬಾಲವನ್ನು ತುಸು ಓರೆಯಾಗಿ ಕೂರಿಸಿದ. ಇವತ್ತಿಗೂ ಕಲಿಕೆಯ ಮಾದರಿಗಳೆಲ್ಲ ನಿಂತಿರುವುದು ಈ ಎರಡರ ಮೇಲೆ.

ಮೇಲಕ್ಕೆ ಬಾಗಿದ ರೆಕ್ಕೆ ಏನು ಮಾಡುತ್ತದೆ? ಒಂದು ಬೀಸುಗಾಳಿಗೆ ವಿಮಾನ ಬಲಕ್ಕೆ ವಾಲಿತು ಎನ್ನಿ. ವಾಲಿದ ಕಡೆಗೇ ಅದು ಪಕ್ಕಕ್ಕೆ ಜಾರತೊಡಗುತ್ತದೆ. ಹಾಗೆ ಜಾರುವಾಗ ಕೆಳಗಿರುವ ಬಲರೆಕ್ಕೆಗೆ ಗಾಳಿ ಹೆಚ್ಚು ಓರೆಯಾಗಿ, ಅಡಿಯಿಂದ ಬಡಿಯುತ್ತದೆ; ಎಡರೆಕ್ಕೆಗೆ ಕಡಿಮೆ. ಬಲರೆಕ್ಕೆಯ ಎತ್ತುವ ಬಲ ಹೆಚ್ಚಾಗಿ ವಿಮಾನ ಮತ್ತೆ ಸಮವಾಗುತ್ತದೆ. ಈ ಗುಣವೇ ತಿರುಗಿಸುವುದಕ್ಕೂ ಒದಗುತ್ತದೆ. ರಡ್ಡರಿನಿಂದ ಮೂಗನ್ನು ಎಡಕ್ಕೆ ಹೊರಳಿಸಿದರೆ ಬಲರೆಕ್ಕೆಗೆ ಗಾಳಿ ಹೆಚ್ಚು ಸಿಕ್ಕು, ವಿಮಾನ ತಾನಾಗಿ ಎಡಕ್ಕೆ ವಾಲಿ ತಿರುಗುತ್ತದೆ. ಆದ್ದರಿಂದ ಮೊದಲ ವಿಮಾನಕ್ಕೆ ರೆಕ್ಕೆಯ ಮೇಲಿನ ಐಲೆರಾನ್ ಬೇಡವೇ ಬೇಡ. ಮೋಟರಿನ ವೇಗ, ರಡ್ಡರ್, ಮೂಗನ್ನು ಏರಿಸಿ ಇಳಿಸುವ ಎಲಿವೇಟರ್: ಈ ಮೂರು ಸಾಕು.

ಬಾಲದ ಕೆಲಸ ಗುರುತ್ವ ಕೇಂದ್ರದ ಜೊತೆ ಹೆಣೆದುಕೊಂಡಿದೆ. ಹೊಸಬರ ವಿಮಾನಗಳು ಬೀಳುವುದು ಹೆಚ್ಚಾಗಿ ಈ ಒಂದು ವಿಷಯದಲ್ಲಿ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ. ಒಂದು ಮೀಟರ್ ಉದ್ದ, 20 ಸೆಂಟಿಮೀಟರ್ ಅಗಲದ ರೆಕ್ಕೆ ಇದೆ ಎನ್ನಿ. ರೆಕ್ಕೆಯ ಮುಂದಿನ ಅಂಚಿನಿಂದ 5ರಿಂದ 6 ಸೆಂಟಿಮೀಟರ್ ಹಿಂದೆ, ಎರಡೂ ಬದಿ ಬೆರಳಿಟ್ಟು ಎತ್ತಿದಾಗ ವಿಮಾನ ಸಮವಾಗಿ ತೂಗಬೇಕು. ಮೂಗು ಕೂದಲೆಳೆಯಷ್ಟು ಕೆಳಗಿದ್ದರೂ ಸರಿ. ತೂಕ ಮುಂದಿದ್ದಾಗ ಮೂಗು ತಾನಾಗಿ ಇಳಿಯಲು ನೋಡುತ್ತದೆ, ಓರೆಯಾಗಿ ಕೂತ ಬಾಲ ಕೆಳಮುಖವಾಗಿ ಒತ್ತಿ ಅದನ್ನು ತಡೆಯುತ್ತದೆ. ವೇಗ ಹೆಚ್ಚಿದರೆ ಬಾಲದ ಒತ್ತಡ ಹೆಚ್ಚಿ ಮೂಗು ಏಳುತ್ತದೆ, ವೇಗ ತಗ್ಗುತ್ತದೆ. ವೇಗ ಕಡಿಮೆಯಾದರೆ ಒತ್ತಡ ಸಡಿಲಿ ಮೂಗು ಇಳಿಯುತ್ತದೆ, ವೇಗ ಮರಳುತ್ತದೆ. ಕೇಂದ್ರ ಹಿಂದೆ ಸರಿದಂತೆಲ್ಲ ಈ ಲೆಕ್ಕ ಕೆಡುತ್ತದೆ. ತೀರಾ ಹಿಂದೆ ಹೋದರೆ ಎಷ್ಟೇ ಚುರುಕಾದ ಬೆರಳಿಗೂ ಅದನ್ನು ಉಳಿಸಲಾಗದು. ಸರಿಪಡಿಸುವುದು ಮಾತ್ರ ಸುಲಭ. 600 ಗ್ರಾಂ ವಿಮಾನದಲ್ಲಿ 180 ಗ್ರಾಂ ಬ್ಯಾಟರಿ ಇದ್ದರೆ, ಬ್ಯಾಟರಿಯನ್ನು ಒಂದು ಸೆಂಟಿಮೀಟರ್ ಮುಂದೆ ಸರಿಸಿದಾಗ ಗುರುತ್ವ ಕೇಂದ್ರ 3 ಮಿಲಿಮೀಟರ್ ಮುಂದೆ ಬರುತ್ತದೆ. ಬ್ಯಾಟರಿಯ ಜಾಗವನ್ನು ಉದ್ದವಾಗಿ ಬಿಟ್ಟು, ವೆಲ್ಕ್ರೊ ಪಟ್ಟಿ ಹಾಕಿಡಬೇಕು ಎನ್ನುವುದು ಇದಕ್ಕೇ.

ಇನ್ನು ತೂಕ. ಹೊಸಬರು ಮುರಿಯಬಾರದೆಂದು ವಿಮಾನವನ್ನು ಗಟ್ಟಿ ಮಾಡುತ್ತಾರೆ. ಗಟ್ಟಿಯಾದದ್ದು ಭಾರವಾಗುತ್ತದೆ, ಭಾರವಾದದ್ದು ವೇಗವಾಗಿ ಹಾರಲೇಬೇಕಾಗುತ್ತದೆ, ವೇಗವಾಗಿ ಹಾರಿದ್ದು ಜೋರಾಗಿ ಬಡಿದು ಮುರಿಯುತ್ತದೆ. ಮೇಲೆ ಹೇಳಿದ ರೆಕ್ಕೆಯ ವಿಸ್ತೀರ್ಣ 0.2 ಚದರ ಮೀಟರ್. ವಿಮಾನದ ತೂಕ 600 ಗ್ರಾಂ ಇದ್ದರೆ, ಸಮುದ್ರಮಟ್ಟದ ತಂಪು ಗಾಳಿಯಲ್ಲಿ ಅದು ಗಂಟೆಗೆ ಸುಮಾರು 24 ಕಿಲೋಮೀಟರ್ ವೇಗದವರೆಗೂ ಬೀಳದೆ ನಿಲ್ಲುತ್ತದೆ. ಪುಣೆಯಲ್ಲಿ ಅಷ್ಟು ನಿಧಾನ ಸಲ್ಲದು. ಊರು ಸುಮಾರು 560 ಮೀಟರ್ ಎತ್ತರದಲ್ಲಿದೆ, ಏಪ್ರಿಲ್ ಮಧ್ಯಾಹ್ನ ಬಿಸಿಲು 35 ಡಿಗ್ರಿ ದಾಟುತ್ತದೆ. ಸಮುದ್ರಮಟ್ಟದಲ್ಲಿ, 15 ಡಿಗ್ರಿಯಲ್ಲಿ ಘನಮೀಟರಿಗೆ 1.225 ಕಿಲೋ ತೂಗುವ ಗಾಳಿ ಆಗ ಇಲ್ಲಿ 1.07 ಕಿಲೋ ಸುಮಾರಿಗೆ ಇಳಿದಿರುತ್ತದೆ. ಅದೇ ವಿಮಾನಕ್ಕೆ ಈಗ 25 ಕಿಲೋಮೀಟರ್ ದಾಟಿದ ವೇಗ ಬೇಕು. ಪ್ರೊಪೆಲರಿನ ಎಳೆತವೂ ಅಷ್ಟೇ ಕುಗ್ಗುತ್ತದೆ. ಗಾಳಿಯ ಈ ನಷ್ಟ ಸಣ್ಣದು, ಆದರೆ ತೂಕವನ್ನು 900 ಗ್ರಾಂಗೆ ಏರಿಸಿಕೊಂಡರೆ ಕನಿಷ್ಠ ವೇಗ 31 ಕಿಲೋಮೀಟರಿಗೆ ಹೋಗುತ್ತದೆ. ಬೆಂಗಳೂರು ಪುಣೆಗಿಂತಲೂ ಎತ್ತರದಲ್ಲಿರುವುದರಿಂದ ಅಲ್ಲಿನ ಓದುಗರು ಈ ಮಾತನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳಬೇಕು.

ಅಂಗಡಿಯಲ್ಲಿ ಹಾಳೆ ಕೊಳ್ಳುವಾಗ ಅದನ್ನು ಕೈಯಲ್ಲಿ ತೂಗಿ ನೋಡಿ. ಸನ್‌ಬೋರ್ಡ್ ಎಂಬ ಒಂದೇ ಹೆಸರಿನಲ್ಲಿ ಹಗುರವಾದ ಫೋಮ್ ಹಾಳೆಯೂ ಸಿಗುತ್ತದೆ, ನಾಮಫಲಕಕ್ಕೆ ಬಳಸುವ ಭಾರವಾದ ಪಿವಿಸಿ ಹಾಳೆಯೂ ಸಿಗುತ್ತದೆ. ನಮಗೆ ಬೇಕಾದ್ದು ಮೊದಲನೆಯದು. ಬಯೋಫೋಮ್ ಸಿಕ್ಕರೆ ಇನ್ನೂ ಒಳ್ಳೆಯದು. ಅಂಟಿನ ವಿಷಯದಲ್ಲೂ ಎಚ್ಚರ ಬೇಕು: ಥರ್ಮಾಕೋಲ್ ಜಾತಿಯ ಫೋಮನ್ನು ಫೆವಿಕ್ವಿಕ್ ಕರಗಿಸಿಬಿಡುತ್ತದೆ. ಗ್ಲೂ ಗನ್ ಬಳಸಬಹುದು, ಆದರೆ ಕೈ ಬಿಗಿಹಿಡಿದು. ಬಾಲದ ತುದಿಯಲ್ಲಿ ಸುರಿದ 5 ಗ್ರಾಂ ಅಂಟನ್ನು ತೂಗಿಸಲು ಮೂಗಿನಲ್ಲಿ ಅದರ ಎರಡು ಮೂರು ಪಟ್ಟು ಭಾರ ಹೇರಬೇಕಾಗುತ್ತದೆ.

ಚಪ್ಪಟೆ ಹಾಳೆ ಹೇಗೆ ಹಾರೀತು, ದೊಡ್ಡ ವಿಮಾನದ ರೆಕ್ಕೆ ಮೀನಿನ ಹಾಗೆ ಉಬ್ಬಿರುತ್ತದಲ್ಲ ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ರೆಕ್ಕೆಯ ಗಾತ್ರ, ವೇಗ, ಗಾಳಿಯ ಅಂಟುಗುಣ ಮೂರನ್ನೂ ಕೂಡಿಸಿ ಹೇಳುವ ರೆನಾಲ್ಡ್ಸ್ ಸಂಖ್ಯೆ ಎಂಬ ಅಳತೆಯಿದೆ. ನಮ್ಮ ಮಾದರಿಗೆ ಅದು ಒಂದು ಲಕ್ಷದ ಆಸುಪಾಸು. ಪ್ರಯಾಣಿಕರ ಜೆಟ್ ವಿಮಾನಕ್ಕೆ ಕೋಟಿಗಳ ಲೆಕ್ಕ. ಸಣ್ಣ ಸಂಖ್ಯೆಯಲ್ಲಿ ದಪ್ಪ ರೆಕ್ಕೆಯ ಬೆನ್ನಿನಿಂದ ಗಾಳಿ ಬೇಗ ಕಳಚಿಕೊಳ್ಳುತ್ತದೆ, ತೆಳು ರೆಕ್ಕೆಗೆ ಅಷ್ಟೇನೂ ಹಿನ್ನಡೆಯಿಲ್ಲ. ಬೆಂಗಳೂರಿನ ಎನ್‌ಎಎಲ್ ವಿಜ್ಞಾನಿಗಳು 'ಬ್ಲ್ಯಾಕ್ ಕೈಟ್'ನಂಥ ಪುಟ್ಟ ವಿಮಾನಗಳಲ್ಲಿ ಗುದ್ದಾಡಿದ್ದು ಇದೇ ಸಣ್ಣ ಸಂಖ್ಯೆಗಳ ಲೋಕದಲ್ಲಿ. ಫೋಮ್ ಹಾಳೆಯ ಮುಂಭಾಗದ ಅರ್ಧಕ್ಕೆ ಇನ್ನೊಂದು ಹಾಳೆ ಅಂಟಿಸಿ ಮೆಟ್ಟಿಲು ಮಾಡುವ ಕ್ಲೈನ್–ಫೋಗಲ್‌ಮನ್ ರೆಕ್ಕೆ ಕಟ್ಟಲು ಸುಲಭ, ಗಟ್ಟಿಯೂ ಹೌದು. ಅದು ಹುಟ್ಟಿದ್ದು ಒಂದು ಕಾಗದದ ವಿಮಾನದಿಂದ.

ಮೋಟರ್ ಕೊಳ್ಳುವಾಗ '2212, 1000 ಕೆವಿ' ಎಂದು ಬರೆದಿರುತ್ತದೆ. ಒಳಗಿನ ಸುರುಳಿಗಳ ಕಬ್ಬಿಣದ ಭಾಗ 22 ಮಿಲಿಮೀಟರ್ ಅಗಲ, 12 ಮಿಲಿಮೀಟರ್ ಎತ್ತರ ಎಂದು ಅದರರ್ಥ. ಇಲ್ಲಿನ ಕೆವಿ ಕಿಲೋವೋಲ್ಟ್ ಅಲ್ಲ. ಒಂದು ವೋಲ್ಟಿಗೆ ನಿಮಿಷಕ್ಕೆ 1000 ಸುತ್ತು ಎಂಬ ಲೆಕ್ಕ. ಮೂರು ಕೋಶಗಳ, 11.1 ವೋಲ್ಟಿನ ಲಿಪೊ ಬ್ಯಾಟರಿಗೆ ಜೋಡಿಸಿ 10 ಇಂಚಿನ ಪ್ರೊಪೆಲರ್ ಹಾಕಿದರೆ ಗಾಳಿಯ ಹೊರೆಯಲ್ಲಿ ಅದು 7500 ಸುತ್ತಿನ ಸುಮಾರಿಗೆ ತಿರುಗುತ್ತದೆ. ಆಗ ಪ್ರೊಪೆಲರಿನ ತುದಿಯ ವೇಗ ಗಂಟೆಗೆ 360 ಕಿಲೋಮೀಟರ್. ಮನೆಯೊಳಗೆ ಮೋಟರ್ ಪರೀಕ್ಷಿಸುವಾಗ ಪ್ರೊಪೆಲರ್ ಬಿಚ್ಚಿಟ್ಟಿರಬೇಕು ಎನ್ನುವ ಮಾತನ್ನು ಮಕ್ಕಳಿಗೆ ಎಷ್ಟು ಸಲ ಹೇಳಿದರೂ ಕಡಿಮೆಯೇ. ಲಿಪೊ ಬ್ಯಾಟರಿಯನ್ನು ಚಾರ್ಜಿಗೆ ಹಾಕಿ ಮಲಗುವಂತಿಲ್ಲ, ಊದಿಕೊಂಡದ್ದನ್ನು ಬಳಸುವಂತಿಲ್ಲ, ಹಾರಿಸದ ದಿನಗಳಲ್ಲಿ ಕೋಶಕ್ಕೆ 3.8 ವೋಲ್ಟಿನಲ್ಲಿ ಇಡಬೇಕು.

ರೇಡಿಯೊ ಈಗ ಸುಲಭದ ಭಾಗವಾಗಿಬಿಟ್ಟಿದೆ. ಹಿಂದೆ ಇಬ್ಬರು ಒಂದೇ ಕಂಪನಾಂಕದ ಕ್ರಿಸ್ಟಲ್ ಹಾಕಿ ಸ್ವಿಚ್ ಒತ್ತಿದರೆ ಒಬ್ಬರ ವಿಮಾನ ಬಿತ್ತೆಂದೇ ಲೆಕ್ಕ. ಈಗಿನ 2.4 ಗಿಗಾಹರ್ಟ್ಸ್ ಸೆಟ್ಟುಗಳು ಕಂಪನಾಂಕದಿಂದ ಕಂಪನಾಂಕಕ್ಕೆ ಜಿಗಿಯುತ್ತಲೇ ಮಾತಾಡುತ್ತವೆ. ಹೀಗೆ ಜಿಗಿಯುವ ಉಪಾಯಕ್ಕೆ 1942ರಲ್ಲಿ ಪೇಟೆಂಟ್ ಪಡೆದವರಲ್ಲಿ ಹಾಲಿವುಡ್ ನಟಿ ಹೆಡಿ ಲಮಾರ್ ಒಬ್ಬಳು. ಆಕೆಯ ಉದ್ದೇಶ ಟಾರ್ಪಿಡೊಗಳನ್ನು ಶತ್ರು ತಡೆಯದ ಹಾಗೆ ನಡೆಸುವುದಾಗಿತ್ತು. ಭಾರತದಲ್ಲಿ ಈ ತರಂಗಪಟ್ಟಿ 2005ರಲ್ಲಿ ಲೈಸೆನ್ಸಿನಿಂದ ಮುಕ್ತವಾಯಿತು. ಸೆಟ್ಟು ತಂದ ಮೇಲೆ ಮರೆಯದೆ ಮಾಡಬೇಕಾದ ಕೆಲಸ ಒಂದಿದೆ: ಸಂಪರ್ಕ ಕಡಿದರೆ ಮೋಟರ್ ತಾನಾಗಿ ನಿಲ್ಲುವಂತೆ ಫೇಲ್‌ಸೇಫ್ ಹೊಂದಿಸಿ, ನೆಲದ ಮೇಲೆಯೇ ರಿಮೋಟ್ ಆರಿಸಿ ನೋಡಬೇಕು.

ಮೋಟರ್ ಹಾಕುವ ಮುಂಚೆ ಕಾಗದದಲ್ಲೊಂದು, ಥರ್ಮಾಕೋಲಿನಲ್ಲೊಂದು ಗ್ಲೈಡರ್ ಮಾಡಿ ಎಸೆದು ನೋಡಿದವರು ಮುಂದೆ ಬೇಗ ಕಲಿಯುತ್ತಾರೆ. ಪುಣೆಯ ಅಯೂಕಾದ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ಬಹುಕಾಲ ದುಡಿದ ಅರವಿಂದ ಗುಪ್ತಾ ಕಸದಿಂದ ಮಾಡಿಸಿದ ಆಟಿಕೆಗಳಲ್ಲಿ ಹಾರುವಂಥವೂ ಬೇಕಾದಷ್ಟಿವೆ. ಅವರ ಪುಸ್ತಕಗಳು ಕನ್ನಡದಲ್ಲೂ ಸಿಗುತ್ತವೆ. ಪುಣೆಯ ಕನ್ನಡ ಮನೆಗಳ ಮಕ್ಕಳು ಅಲ್ಲಿಂದ ಶುರುಮಾಡಲಿ ಎಂಬುದು ನನ್ನ ಆಸೆ.

ವಿಮಾನ ಸಿದ್ಧವಾದಾಗ ಹುಲ್ಲುಗಾವಲಿಗೆ ಒಯ್ದು, ಮೋಟರ್ ಹಾಕದೆ, ಗಾಳಿಗೆ ಎದುರಾಗಿ, ಮೂಗನ್ನು ಮಟ್ಟವಾಗಿಟ್ಟು ಎಸೆಯಿರಿ. ಏರಿ, ನಿಂತು, ಧೊಪ್ಪನೆ ಬಿದ್ದರೆ ಬ್ಯಾಟರಿ ಮುಂದಕ್ಕೆ. ನೇರ ನೆಲಕ್ಕೆ ನುಗ್ಗಿದರೆ ಹಿಂದಕ್ಕೆ. ಉದ್ದಕ್ಕೆ ತೇಲಿ ಹೊಟ್ಟೆಯ ಮೇಲೆ ಇಳಿದರೆ ಮೋಟರಿಗೆ ಹೊತ್ತು ಬಂತು. ಹಾರುವಾಗ ಹೊಸಬರನ್ನು ಕೆಡಿಸುವುದು ವಿಮಾನ ತಮ್ಮತ್ತ ಬರುವ ಗಳಿಗೆ: ಅದರ ಬಲ ನಮಗೆ ಎಡವಾಗುತ್ತದೆ. ಆಗ ಯೋಚಿಸುತ್ತ ಕೂರಬೇಡಿ. ಯಾವ ಕಡೆಯ ರೆಕ್ಕೆ ಕೆಳಗೆ ಬಾಗಿ ಕಾಣುತ್ತದೆಯೋ ಆ ಕಡೆಗೇ ಸ್ಟಿಕ್ ತಳ್ಳಿ, ಅದು ಏಳುತ್ತದೆ. ಇದನ್ನು ಮೊದಲು ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ಬೆರಳಿಗೆ ರೂಢಿಮಾಡಿಕೊಂಡರೆ ಎಷ್ಟೋ ಫೋಮ್ ಉಳಿಯುತ್ತದೆ.

ಎಲ್ಲಿ ಹಾರಿಸುವುದು? ಪುಣೆಯಲ್ಲಿ ಇದು ದೊಡ್ಡ ಪ್ರಶ್ನೆ. 2021ರ ಆಗಸ್ಟಿನಲ್ಲಿ ಬಂದ ಡ್ರೋನ್ ನಿಯಮಗಳು ಮಾದರಿ ವಿಮಾನಗಳಿಗೂ ಅನ್ವಯಿಸುತ್ತವೆ. ಎರಡು ಕಿಲೋ ಒಳಗಿನದನ್ನು ವ್ಯಾಪಾರಕ್ಕಲ್ಲದೆ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ. ಆದರೆ ಜಾಗಕ್ಕೆ ಕಟ್ಟುಪಾಡಿದೆ. ಹಸಿರು ವಲಯದಲ್ಲಿ 400 ಅಡಿಯವರೆಗೆ, ವಿಮಾನ ನಿಲ್ದಾಣದ ಅಂಚಿನಿಂದ 8ರಿಂದ 12 ಕಿಲೋಮೀಟರ್ ನಡುವೆ 200 ಅಡಿಯವರೆಗೆ ಅನುಮತಿ ಬೇಕಿಲ್ಲ. ಅದಕ್ಕಿಂತ ಹತ್ತಿರ ಬೇಕು, ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರವೇ ಒಪ್ಪಬೇಕು. ಲೋಹಗಾಂವ್, ಹಡಪಸರದ ಗ್ಲೈಡಿಂಗ್ ಕೇಂದ್ರ, ಖಡಕ್‌ವಾಸ್ಲಾದ ಎನ್‌ಡಿಎ, ದಂಡುಪ್ರದೇಶಗಳು, ಡಿಆರ್‌ಡಿಒ ಪ್ರಯೋಗಾಲಯಗಳು ಇವೆಲ್ಲ ಸೇರಿದರೆ ಊರೊಳಗೆ ಉಳಿಯುವ ಜಾಗ ತೀರಾ ಕಡಿಮೆ. ಈ ವಲಯಗಳನ್ನು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿ, ಪೊಲೀಸರ ಆ ಹೊತ್ತಿನ ನಿಷೇಧಾಜ್ಞೆ ಏನಾದರೂ ಇದೆಯೇ ಎಂದು ವಿಚಾರಿಸಿ, ಊರಾಚೆಯ ಜಮೀನಿನವರ ಒಪ್ಪಿಗೆ ಪಡೆದು ಹೋಗುವುದೇ ಸರಿ. ಕಟ್ಟುಪಾಡು ಕಿರಿಕಿರಿ ಎನ್ನಿಸಬಹುದು. ಆದರೆ ಮೇಲೆ ಜನ ಕೂತ ಗ್ಲೈಡರ್ ಇಳಿಯುತ್ತಿರುವಾಗ ಕೆಳಗೆ ಅರ್ಧ ಕಿಲೋ ಫೋಮ್ ಏರಬಾರದು. ಇದರಲ್ಲಿ ರಿಯಾಯಿತಿ ಕೇಳುವುದು ಸಲ್ಲ.

ಹೊತ್ತು ಆರಿಸುವುದು ಗಾಳಿಯನ್ನು ನೋಡಿ. ಅಕ್ಟೋಬರಿನಿಂದ ಫೆಬ್ರವರಿಯವರೆಗಿನ ಬೆಳಗು ಹೊಸಬರಿಗೆ ಹೇಳಿಮಾಡಿಸಿದ್ದು: ರಾತ್ರಿ ತಣ್ಣಗಾದ ನೆಲದ ಮೇಲೆ ಗಾಳಿ ಕದಲದೆ ಕೂತಿರುತ್ತದೆ. ಬಿಸಿಲೇರಿ ಹದ್ದುಗಳು ರೆಕ್ಕೆ ಬಡಿಯದೆ ಸುತ್ತತೊಡಗಿದರೆ ಬಿಸಿಗಾಳಿಯ ಕಂಬಗಳು ಎದ್ದವೆಂದು ಅರ್ಥ. 600 ಗ್ರಾಂ ವಿಮಾನಕ್ಕೆ ಅವು ಒರಟು. ಬೇಸಿಗೆಯ ಸಂಜೆಗಳಲ್ಲಿ ಘಟ್ಟ ಹತ್ತಿ ಬರುವ ಪಡುವಣ ಗಾಳಿಯದು ಇನ್ನೊಂದು ಲೆಕ್ಕ. 1928ರಲ್ಲಿ ಶಿಮ್ಲಾದಿಂದ ಬಂದು ಇಂದಿಗೂ ಊರವರ ಬಾಯಲ್ಲಿ 'ಸಿಮ್ಲಾ ಆಫೀಸ್' ಆಗಿಯೇ ಉಳಿದಿರುವ ಹವಾಮಾನ ಇಲಾಖೆಯ ಮುನ್ಸೂಚನೆಯಲ್ಲಿ ಉಷ್ಣತೆಯ ಜೊತೆ ಗಾಳಿಯ ವೇಗವನ್ನೂ ಓದುವ ಅಭ್ಯಾಸ ಮಾಡಿಕೊಳ್ಳಿ. ಗಂಟೆಗೆ 10 ಕಿಲೋಮೀಟರ್ ದಾಟಿದ ದಿನ ಹೊಸಬರು ಮನೆಯಲ್ಲಿ ರಿಪೇರಿ ಮಾಡಿಕೊಂಡಿರುವುದು ಲೇಸು.

ಕೈ ಪಳಗಿದ ಮೇಲೆ ಅದೇ ಗಾಳಿ ಮೋಟರಿನ ಕೆಲಸ ಮಾಡಬಲ್ಲದು. ಪ್ಯಾರಾಗ್ಲೈಡಿಂಗಿಗೆ ಹೆಸರಾದ ಕಾಮಶೇತ್ ಸುತ್ತಿನ ಮಾವಳದ ಗುಡ್ಡಗಳಲ್ಲಿ ಗಾಳಿ ಇಳಿಜಾರಿಗೆ ಬಡಿದು ಮೇಲಕ್ಕೆ ತಿರುಗುತ್ತದೆ. ಗಂಟೆಗೆ 18 ಕಿಲೋಮೀಟರ್, ಅಂದರೆ ಸೆಕೆಂಡಿಗೆ 5 ಮೀಟರ್ ಗಾಳಿ 20 ಡಿಗ್ರಿ ಇಳಿಜಾರನ್ನು ಏರುವಾಗ ಅದರ ಮೇಲ್ಮುಖ ವೇಗ ಸೆಕೆಂಡಿಗೆ 1.7 ಮೀಟರ್. ಹಗುರವಾದ ಗ್ಲೈಡರ್ ತನ್ನಷ್ಟಕ್ಕೆ ಇಳಿಯುವುದು ಸೆಕೆಂಡಿಗೆ ಒಂದು ಮೀಟರಿಗೂ ಕಡಿಮೆ. ಹಾಗಾಗಿ ಗಾಳಿ ಬೀಸುವಷ್ಟು ಹೊತ್ತು ಅದು ಕೆಳಗಿಳಿಯಬೇಕಾಗಿಲ್ಲ. ಬ್ಯಾಟರಿ ಬೇಕಾದ್ದು ರಿಸೀವರಿಗೆ ಮತ್ತು ರಡ್ಡರ್, ಎಲಿವೇಟರ್‌ಗಳನ್ನು ಅಲುಗಿಸುವ ಒಂಬತ್ತು ಒಂಬತ್ತು ಗ್ರಾಂನ ಎರಡು ಸರ್ವೊ ಮೋಟರುಗಳಿಗೆ ಮಾತ್ರ. ತಿರುಗಿಸುವಾಗ ಯಾವಾಗಲೂ ಗುಡ್ಡದಿಂದ ಆಚೆಗೆ, ಗಾಳಿ ಬರುವ ದಿಕ್ಕಿಗೆ ತಿರುಗಿಸಬೇಕು. ಗುಡ್ಡದ ಬೆನ್ನ ಹಿಂದೆ ಗಾಳಿ ಸುಳಿಯಾಗಿ ಕೆಳಮುಖವಾಗಿ ಒತ್ತುತ್ತಿರುತ್ತದೆ, ಅಲ್ಲಿಗೆ ಸಿಕ್ಕಿದ ಗ್ಲೈಡರನ್ನು ಹುಡುಕಲು ಕಾಲ್ನಡಿಗೆಯಲ್ಲೇ ಇಳಿಯಬೇಕು.